ಪಾತ್ರೆಯನ್ನೇ ಕೇಳಿ, ಅದೇ ಹೇಳುತ್ತದೆ

ಕಳೆದ ತಿಂಗಳು ಈ ಅಂಕಣದಲ್ಲಿ ಮಾಯಾ ಜನರ ಚಿತ್ತಾರದ ಪಾತ್ರೆಗಳ ನಾಲ್ಕು ಫೋಟೊ ಹಾಕಿದ್ದೆವು. ಮೂರು ಎತ್ತರದ ಲೋಟಗಳು, ಒಂದು ಮೂರು ಕಾಲಿನ ತಟ್ಟೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಎಂದು ನಾನು ಅಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಮೂವತ್ತು ವರ್ಷ ಮಣ್ಣಿನ ಕೆಲಸ ಮಾಡಿದವಳು. ಪಾತ್ರೆ ಮಾಡುವುದು, ಒಡೆದ ಪಾತ್ರೆಗಳನ್ನು ಜೋಡಿಸುವುದು ಎರಡೂ ನನ್ನ ಕೆಲಸ. ಹಾಗಾಗಿ ಯಾವ ಪಾತ್ರೆ ಕಂಡರೂ ಮೊದಲು ಒಳಗೆ ಬಗ್ಗಿ ನೋಡುತ್ತೇನೆ. ಹೊರಗಿನ ಚಿತ್ರ ಆಮೇಲೆ. ಇಲ್ಲಿ ಹೇಳುವ ಪಾತ್ರೆಗಳಲ್ಲಿ ಹೆಚ್ಚಿನವು ಕ್ರಿ.ಶ. 250ರಿಂದ 900ರ ನಡುವಿನವು. ಮಾಯಾ ಜನರ ಊರುಗಳು ಇಂದಿನ ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಮೆಕ್ಸಿಕೊದ ದಕ್ಷಿಣ ಭಾಗದಲ್ಲಿವೆ.

ಪ್ರಶ್ನೆ: ಲೋಟದ ಬಾಯಿಯ ಸುತ್ತ ಒಂದು ಸಾಲು ಚೌಕ ಚೌಕ ಗುರುತುಗಳಿವೆ. ಅದು ಮಂತ್ರವೇ, ಇಲ್ಲಾ ಸುಮ್ನೆ ಅಂಚಿನ ಅಲಂಕಾರವೇ?

ಉತ್ತರ: ನಿಮ್ಮ ಹಾಗೆಯೇ ದೊಡ್ಡ ವಿದ್ವಾಂಸರೂ ಯೋಚಿಸಿದ್ದರು. ತುಂಬಾ ಕಾಲ ಅದನ್ನು ಅಲಂಕಾರ ಎಂದೇ ತಿಳಿದಿದ್ದರು. ಓದು ಬರಹ ಗೊತ್ತಿಲ್ಲದ ಚಿತ್ರಗಾರರು ಅಕ್ಷರದ ಹಾಗೆ ಕಾಣುವ ಏನನ್ನೋ ಬರೆದಿದ್ದಾರೆ ಎಂದೂ ಹೇಳಿದವರಿದ್ದರು. ಮೈಕೆಲ್ ಕೋ ಎಂಬ ಅಮೆರಿಕದ ವಿದ್ವಾಂಸರು ಬೇರೆ ಬೇರೆ ಪಾತ್ರೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಅವೇ ಗುರುತುಗಳು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅವರ ಊಹೆ ಏನಿತ್ತು ಗೊತ್ತಾ? ಪಾತ್ರೆಗಳು ಸಮಾಧಿಯಲ್ಲಿ ಸಿಗುತ್ತವೆ, ಚಿತ್ರಗಳಲ್ಲಿ ಪಾತಾಳದ ದೇವರುಗಳಿದ್ದಾರೆ, ಹಾಗಾಗಿ ಇದು ಸತ್ತವರಿಗಾಗಿ ಹಾಡುವ ಹಾಡಿರಬೇಕು.

1980ರ ದಶಕದಲ್ಲಿ ಡೇವಿಡ್ ಸ್ಟುವರ್ಟ್, ಸ್ಟೀಫನ್ ಹ್ಯೂಸ್ಟನ್, ಕಾರ್ಲ್ ಟೌಬೆ, ನಿಕೊಲಾಯ್ ಗ್ರೂಬೆ, ಬಾರ್ಬರಾ ಮಕ್ಲಾಡ್ ಮುಂತಾದವರು ಆ ಸಾಲನ್ನು ತುಂಡು ತುಂಡಾಗಿ ಓದಿದರು. ಸಾವಿನ ಹಾಡು ಅಲ್ಲವೇ ಅಲ್ಲ. ಅದು ಪಾತ್ರೆಯ ಹೆಸರಿನ ಚೀಟಿ ಇದ್ದ ಹಾಗೆ. ಸರಿಸುಮಾರು ಹೀಗಿರುತ್ತದೆ: ಇದನ್ನು ಅರ್ಪಿಸಲಾಯಿತು, ಇದರ ಮೇಲಿನ ಬರಹ ಇದು, ಇದು ಕುಡಿಯುವ ಪಾತ್ರೆ, ಇಂಥ ಪಾನೀಯಕ್ಕೆ, ಇಂಥವರದ್ದು. ಕೊನೆಗೆ ಒಡೆಯನ ಹೆಸರು, ಬಿರುದು.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಮಾತು ‘ಉಕಿಬ್’. ‘ಉಕ್’ ಎಂದರೆ ಕುಡಿ. ಅದಕ್ಕೆ ‘ಇಬ್’ ಸೇರಿದರೆ ಕುಡಿಯಲು ಬಳಸುವ ವಸ್ತು. ನಮ್ಮ ‘ಬೀಸು’ ‘ಬೀಸಣಿಗೆ’ ಆದ ಹಾಗೆ, ‘ಬಾಚು’ ‘ಬಾಚಣಿಗೆ’ ಆದ ಹಾಗೆ. ‘ಯುಕಿಬ್’ ಎಂದು ಬರೆದಿದ್ದರೆ ‘ಅವನ ಕುಡಿಯುವ ಪಾತ್ರೆ’. ತಟ್ಟೆಯ ಮೇಲೆ ಇದು ಬರುವುದಿಲ್ಲ. ಅಲ್ಲಿ ‘ಲಕ್’ ಎಂದಿರುತ್ತದೆ, ಅಂದರೆ ತಟ್ಟೆ. ಗಂಜಿಯ ಬಟ್ಟಲಿನಲ್ಲಿ ‘ಉಲ್’ ಎಂಬ ಮಾತು ಸಿಗುತ್ತದೆ. ಅದು ಮೆಕ್ಕೆಜೋಳದ ಗಂಜಿ. ಎತ್ತರದ ಲೋಟಗಳಲ್ಲಿ ಹೆಚ್ಚಾಗಿ ಕಾಣುವುದು ‘ಕಕಾವ್’. ಇದೇ ಮಾತು ದಾರಿ ಸವೆಸಿ ಇಂದು ನಮ್ಮ ಬಾಯಲ್ಲಿ ಕೊಕೊ ಆಗಿದೆ. ಎಲ್ಲ ಕಕಾವ್ ಒಂದೇ ಅಲ್ಲ, ಹಣ್ಣಿನ ರುಚಿಯ ಕಕಾವ್ ಎಂದು ಬಿಡಿಸಿ ಬರೆದ ಲೋಟಗಳೂ ಇವೆ.

ಒಂದು ಪಾತ್ರೆ ತಾನು ಯಾವ ಜಾತಿಯ ಪಾತ್ರೆ, ತನ್ನೊಳಗೆ ಏನು ಹಾಕಬೇಕು, ತನ್ನ ಒಡೆಯ ಯಾರು ಎಂದು ಮೈಮೇಲೆ ಬರೆದುಕೊಂಡು ನಿಂತಿದೆ. ಬೇರೆ ಬೇರೆ ಕಾಲದ ಮಡಕೆ ಚೂರುಗಳನ್ನು ಕೈಯಲ್ಲಿ ಹಿಡಿದು ‘ನೀನು ಯಾತಕ್ಕೆ ಇದ್ದೆ’ ಎಂದು ಕೇಳುತ್ತಾ ಕೂತವಳು ನಾನು. ಅವು ಉತ್ತರ ಕೊಡುವುದಿಲ್ಲ. ಇವು ಕೊಡುತ್ತವೆ. ಅದಕ್ಕೇ ನನಗೆ ಇವುಗಳ ಮೇಲೆ ಇಷ್ಟು ಪ್ರೀತಿ.

ಪ್ರಶ್ನೆ: ಬರೆದ ಮಾತ್ರಕ್ಕೆ ನಂಬುವುದು ಹೇಗೆ? ಒಳಗೆ ನಿಜವಾಗಿಯೂ ಅದೇ ಇತ್ತು ಎನ್ನುವುದಕ್ಕೆ ಸಾಕ್ಷಿ ಇದೆಯೇ? (ರಸಾಯನ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿ)

ಉತ್ತರ: ಸರಿಯಾದ ಪ್ರಶ್ನೆ. ನಿಮಗೆ ಎರಡು ಪಾತ್ರೆಗಳ ಕಥೆ ಹೇಳುತ್ತೇನೆ.

ಮೊದಲನೆಯದು ಗ್ವಾಟೆಮಾಲಾದ ಈಶಾನ್ಯ ಮೂಲೆಯ ರಿಯೊ ಅಸೂಲ್ ಎಂಬ ಜಾಗದ್ದು. ದಟ್ಟ ಕಾಡು. ಪುರಾತತ್ವದ ರಿಚರ್ಡ್ ಆಡಮ್ಸ್ ಅವರ ತಂಡ 1984ರಲ್ಲಿ ಅಲ್ಲಿ ಕಳ್ಳರ ಕೈಗೆ ಸಿಗದೆ ಉಳಿದ ಒಂದು ಸಮಾಧಿಯನ್ನು ತೆರೆಯಿತು. ಅದಕ್ಕೆ 19ನೇ ಸಮಾಧಿ ಎಂದು ಹೆಸರು. ಕಾಲ ಕ್ರಿ.ಶ. ಐದನೇ ಶತಮಾನದ ಕೊನೆಯ ಭಾಗ. ಅದರಲ್ಲಿ ಒಂದು ವಿಚಿತ್ರ ಪಾತ್ರೆ ಇತ್ತು. ಗುಂಡಗಿನ ಹೊಟ್ಟೆ, ಮೇಲೆ ಕಮಾನಿನಂಥ ಹಿಡಿಕೆ, ತಿರುಗಿಸಿ ಬಿಗಿ ಮಾಡುವ ಮುಚ್ಚಳ. ಹೌದು, ಇಂದಿನ ಬಾಟಲಿಯ ಮುಚ್ಚಳದ ಹಾಗೆ ತಿರುಗಿಸಿದರೆ ಕೂರುವ ಮಣ್ಣಿನ ಮುಚ್ಚಳ. ಇಡೀ ಮೈಗೆ ಸುಣ್ಣದ ಗಾರೆಯ ಪದರ, ಅದರ ಮೇಲೆ ಬಣ್ಣದ ಅಕ್ಷರಗಳು. ಡೇವಿಡ್ ಸ್ಟುವರ್ಟ್ ಅದರಲ್ಲಿ ‘ಕಕಾವ್’ ಎಂದು ಓದಿದರು. ಒಂದಲ್ಲ, ಎರಡು ಬಗೆಯ ಕಕಾವ್ ಹೆಸರಿತ್ತು. ಪಾತ್ರೆಯ ಒಳಗೆ ಅಂಟಿದ್ದ ಪುಡಿಯನ್ನು ಚಾಕೊಲೇಟ್ ತಯಾರಿಸುವ ಹರ್ಷೀ ಕಂಪನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಜೆಫ್ರಿ ಹರ್ಸ್ಟ್ ಮತ್ತು ಜೊತೆಯವರು ಪರೀಕ್ಷೆ ಮಾಡಿದರು. ಥಿಯೊಬ್ರೊಮಿನ್ ಸಿಕ್ಕಿತು, ಕೆಫೀನ್ ಸಿಕ್ಕಿತು. ಆ ಸೀಮೆಯ ಗಿಡಗಳಲ್ಲಿ ಈ ಜೋಡಿಗೆ ಮೂಲ ಎಂದರೆ ಕೊಕೊ ಬೀಜವೇ. ಬರಹ ಹೇಳಿದ್ದನ್ನು ಪಾತ್ರೆಯ ಒಳಮೈಯೂ ಹೇಳಿತು.

ಗ್ವಾಟೆಮಾಲಾ ನಗರದ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ ಆ ಪಾತ್ರೆಯ ಮುಂದೆ ನಾನು ಅರ್ಧ ದಿನ ನಿಂತಿದ್ದೆ. ನನ್ನ ತಲೆಯಲ್ಲಿದ್ದದ್ದು ಮುಚ್ಚಳ. ಹಸಿ ಮಣ್ಣಿನಲ್ಲಿ ಸರಿಯಾಗಿ ಕೂರುವ ಮುಚ್ಚಳ, ಒಣಗಿದಾಗ ಕುಗ್ಗುತ್ತದೆ. ಸುಟ್ಟಾಗ ಮತ್ತೆ ಕುಗ್ಗುತ್ತದೆ. ಮುಚ್ಚಳ ಮತ್ತು ಬಾಯಿ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು, ಇಲ್ಲದಿದ್ದರೆ ತಿರುಗಿಸಲು ಆಗುವುದಿಲ್ಲ. ಈ ಕುಂಬಾರ ಅದನ್ನು ಸಾಧಿಸಿದ್ದ. ನಾನು ಮನೆಗೆ ಬಂದು ಹನ್ನೊಂದು ಸಲ ಪ್ರಯತ್ನಿಸಿದೆ. ಹನ್ನೆರಡನೆಯದು ಕೂತಿತು.

ಎರಡನೆಯದು ಒಂದು ಪುಟ್ಟ ಕುಪ್ಪಿ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು, ಅಷ್ಟೇ ದೊಡ್ಡದು. ಮೆಕ್ಸಿಕೊದ ಕಂಪೆಚೆ ಸೀಮೆಯ ದಕ್ಷಿಣ ಭಾಗದಲ್ಲಿ ಕ್ರಿ.ಶ. 700ರ ಸುಮಾರಿಗೆ ಮಾಡಿದ್ದು. ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕಿಸ್ಲಾಕ್ ಸಂಗ್ರಹದಲ್ಲಿದೆ. ಅದರ ಮೇಲೆ ‘ಯೊತೊತ್ ಉ ಮಾಯ್’ ಎಂದು ಬರೆದಿದೆ. ‘ಅವನ ತಂಬಾಕಿನ ಮನೆ’ ಎಂದು ಅರ್ಥ. ನೋಡಿ, ಡಬ್ಬಿ ಅನ್ನಲಿಲ್ಲ, ಮನೆ ಅಂದರು. 2012ರಲ್ಲಿ ಜೆನಿಫರ್ ಲಫ್‌ಮಿಲ್ಲರ್-ನ್ಯೂಮನ್ ಮತ್ತು ದ್ಮಿತ್ರಿ ಝಗೊರೆವ್‌ಸ್ಕಿ ಒಳಗಿನ ಕಣಗಳನ್ನು ಪರೀಕ್ಷಿಸಿ ನಿಕೊಟಿನ್ ಇರುವುದನ್ನು ತೋರಿಸಿದರು. ತಂಬಾಕು ಸುಟ್ಟಾಗ ಹುಟ್ಟುವ ಪದಾರ್ಥಗಳು ಅದರಲ್ಲಿ ಸಿಗಲಿಲ್ಲ. ಅಂದರೆ ಅದು ಬೂದಿ ಹಾಕುವ ಕುಪ್ಪಿ ಆಗಿರಲಿಲ್ಲ. ಸುಡದ ತಂಬಾಕನ್ನೇ ಇಟ್ಟುಕೊಳ್ಳುತ್ತಿದ್ದರು.

ಎಲ್ಲ ಪಾತ್ರೆಗಳಲ್ಲೂ ಇಂಥ ಸಾಕ್ಷಿ ಸಿಗುವುದಿಲ್ಲ. ಅದಕ್ಕೆ ಒಂದು ಕಾರಣ ನನ್ನಂಥವರು. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಸಂಗ್ರಹಾಲಯದಲ್ಲಿ ಹಳೆಯ ಮಡಕೆಗಳನ್ನು ಸ್ವಚ್ಛ ಮಾಡಲು ಕೂರಿಸಿದ್ದರು. ಒಂದರ ತಳದಲ್ಲಿ ಕಪ್ಪಗೆ ಗಟ್ಟಿಯಾಗಿ ಏನೋ ಅಂಟಿತ್ತು. ಹಿರಿಯರು ತೊಳೆ ಅಂದರು, ನಾನು ಬ್ರಷ್ ಹಾಕಿ ಉಜ್ಜಿದೆ. ಒಂದು ತಾಸಿನಲ್ಲಿ ಮಡಕೆ ಪಳಪಳ ಹೊಳೆಯಿತು. ಆ ಕಪ್ಪು ಏನಿತ್ತು ಎಂದು ಇನ್ನು ಯಾರೂ ಹೇಳಲಾರರು. ಆ ಕೆಲಸಕ್ಕೆ ಇವತ್ತಿಗೂ ನನಗೆ ನೋವಿದೆ. ನಿಮ್ಮಲ್ಲಿ ಯಾರಾದರೂ ಮುಂದೆ ಈ ಕೆಲಸಕ್ಕೆ ಬಂದರೆ, ದಯವಿಟ್ಟು ಹೊರಗೆ ಒರೆಸಿ, ಒಳಗೆ ಮುಟ್ಟಬೇಡಿ.

ಪ್ರಶ್ನೆ: ಕುಡಿಯುವ ಲೋಟ ಅಂತೀರಿ. ಫೋಟೊದಲ್ಲಿ ನೋಡಿದರೆ ಹೂದಾನಿಯಷ್ಟು ಎತ್ತರ ಇದೆ. ಇಷ್ಟು ಎತ್ತರ ಯಾಕೆ?

ಉತ್ತರ: ನೊರೆಗಾಗಿ. ಮಾಯಾ ಜನರ ಕಕಾವ್ ಇಂದಿನ ಸಿಹಿ ಚಾಕೊಲೇಟ್ ಅಲ್ಲ. ಹಾಲಿಲ್ಲ, ಸಕ್ಕರೆ ಇಲ್ಲ. ಅರೆದ ಬೀಜ, ನೀರು, ಅದಕ್ಕೆ ಮೆಕ್ಕೆಜೋಳದ ಹಿಟ್ಟು, ಮೆಣಸಿನಕಾಯಿ, ವೆನಿಲಾ, ಪರಿಮಳದ ಹೂವು, ಕೆಲವೊಮ್ಮೆ ಜೇನು. ಅದರ ಮೇಲೆ ನಿಲ್ಲುವ ನೊರೆಯೇ ಆ ಪಾನೀಯದ ಜೀವ. ಮರದ ಕಡೆಗೋಲಿನಿಂದ ಚಾಕೊಲೇಟ್ ಕಡೆಯುವ ರೂಢಿ ಸ್ಪೇನಿನವರು ಬಂದ ಮೇಲಿನದು. ಅದಕ್ಕೂ ಮೊದಲು ನೊರೆ ಬರಿಸುತ್ತಿದ್ದದ್ದು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು.

ಇದು ಬರೀ ಊಹೆ ಅಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂನಲ್ಲಿ ಒಂದು ಲೋಟ ಇದೆ. ಎತ್ತರ ಸುಮಾರು 21 ಸೆಂಟಿಮೀಟರ್, ಕಾಲ ಕ್ರಿ.ಶ. 670ರಿಂದ 750. ಕೆನೆ ಬಣ್ಣದ ಮೈ ಮೇಲೆ ಕಪ್ಪು ಗೆರೆಯ ಚಿತ್ರ. ಪಾತಾಳದ ಮುದಿ ದೇವರೊಬ್ಬ ಸಿಂಹಾಸನದ ಮೇಲೆ ಕೂತಿದ್ದಾನೆ, ಸುತ್ತ ಐದು ಮಂದಿ ಹೆಂಗಸರು. ಕೆಳಗೆ ಒಂದು ಮೊಲ ಪುಸ್ತಕ ಇಟ್ಟುಕೊಂಡು ಬರೆಯುತ್ತಿದೆ. ಒಂದು ಬದಿಯಲ್ಲಿ ಒಬ್ಬಳು ಹೆಂಗಸು ನಿಂತು, ಕೈಯಲ್ಲಿರುವ ಎತ್ತರದ ಲೋಟದಿಂದ ನೆಲದ ಮೇಲಿನ ಪಾತ್ರೆಗೆ ಧಾರೆ ಸುರಿಯುತ್ತಿದ್ದಾಳೆ. ಎಲ್ಲರೂ ಮೊಲವನ್ನು ನೋಡಿ ಮೆಚ್ಚುತ್ತಾರೆ. ನನಗೆ ಆ ಹೆಂಗಸೇ ಮುಖ್ಯ. ಲೋಟ ತನ್ನ ಬಳಕೆಯ ಚಿತ್ರವನ್ನು ತನ್ನ ಮೈಮೇಲೆಯೇ ಹೊತ್ತಿದೆ ಅಲ್ವಾ!

ನಾನು ಇದನ್ನು ಕೈಯಾರೆ ಮಾಡಿ ನೋಡಿದೆ. ಅದೇ ಅಳತೆಯ ಎರಡು ಲೋಟ ಮಾಡಿದೆ. ಮೊದಲು ಅಗಲ ಬಾಯಿಯ ಬಟ್ಟಲುಗಳಲ್ಲಿ ಸುರಿದೆ. ಸುತ್ತಮುತ್ತ ಚೆಲ್ಲಿತು, ನೊರೆ ತೆಳ್ಳಗೆ ಹರಡಿ ಬೇಗ ಒಡೆಯಿತು. ಆಮೇಲೆ ಎತ್ತರದ ಲೋಟಗಳಲ್ಲಿ, ಎದೆಯ ಎತ್ತರದಿಂದ. ಧಾರೆ ತಳಕ್ಕೆ ಬಡಿದು ಗೋಡೆಗಳ ನಡುವೆಯೇ ಗುಳ್ಳೆ ಎದ್ದಿತು. ಆರನೇ ಸಲಕ್ಕೆ ಎರಡು ಬೆರಳು ದಪ್ಪದ ನೊರೆ ನಿಂತಿತು. ಎತ್ತರದ ನೇರ ಗೋಡೆ ಯಾಕೆ ಬೇಕು ಎಂದು ಆ ಕ್ಷಣ ನನ್ನ ಕೈಗೆ ಅರ್ಥವಾಯಿತು.

ಇದಕ್ಕಿಂತ ತುಂಬಾ ಹಿಂದೆ ಲೋಟದ ಆಕಾರ ಬೇರೆ ಇತ್ತು. ಬೆಲೀಜ್‌ನ ಕೋಲ್ಹಾ ಎಂಬಲ್ಲಿ ಮೂತಿ ಇರುವ ಗಿಂಡಿಗಳು ಸಿಕ್ಕಿವೆ. ಅವುಗಳಲ್ಲಿ ಕೆಲವಕ್ಕೆ ಕೊಕೊ ಅಂಟಿರುವುದು 2002ರಲ್ಲಿ ಗೊತ್ತಾಯಿತು. ಕಾಲ ಕ್ರಿ.ಪೂ. 600ರಷ್ಟು ಹಿಂದಕ್ಕೆ ಹೋಗುತ್ತದೆ. ಆ ಮೂತಿಯಿಂದ ಗಾಳಿ ಊದಿ ನೊರೆ ಎಬ್ಬಿಸುತ್ತಿದ್ದರು ಎನ್ನುವ ವಿವರಣೆ ಇದೆ. ನನಗೂ ಅದು ಒಪ್ಪುವಂತೆ ಕಾಣುತ್ತದೆ.

ಪ್ರಶ್ನೆ: ಮೂರು ಕಾಲಿನ ತಟ್ಟೆಯ ನಟ್ಟನಡುವೆ ತೂತು ಇದೆ. ಅಗೆಯುವಾಗ ಒಡೆದದ್ದೇ?

ಉತ್ತರ: ಅಲ್ಲ. ಬೇಕೆಂದೇ ಕೊರೆದದ್ದು. ಮೊದಲು ತಟ್ಟೆಯ ದುಡಿಮೆಯ ದಿನಗಳನ್ನು ಹೇಳುತ್ತೇನೆ. ಅದರ ಮೇಲೆ ತಮಾಲೆ ಬಡಿಸುತ್ತಿದ್ದರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿಂಡಿ ಅದು. ಮಾಯಾ ಜನ ಎಂದರೆ ರೊಟ್ಟಿ ತಿನ್ನುವವರು ಎಂದು ತುಂಬಾ ಜನ ನಂಬಿದ್ದರು. ಚಿತ್ರ ಮತ್ತು ಬರಹಗಳಲ್ಲಿ ಎದ್ದು ಕಾಣುವುದು ತಮಾಲೆ ಎಂದು 1989ರಲ್ಲಿ ಕಾರ್ಲ್ ಟೌಬೆ ತೋರಿಸಿದರು. ತಟ್ಟೆಯ ಮೇಲೆ ದುಂಡಗಿನ ಉಂಡೆಗಳು, ಅವುಗಳ ಮೇಲೆ ಸುರಿದ ಸಾರು. ಅಂಥ ಚಿತ್ರ ನೀವು ಒಮ್ಮೆ ಗುರುತಿಸಿದರೆ ಆಮೇಲೆ ಎಲ್ಲೆಡೆ ಕಾಣುತ್ತದೆ. ಕೆಲವು ತಟ್ಟೆಗಳ ಕಾಲು ಪೊಳ್ಳಾಗಿರುತ್ತವೆ, ಒಳಗೆ ಮಣ್ಣಿನ ಗುಂಡುಗಳಿರುತ್ತವೆ. ಎತ್ತಿ ಇಟ್ಟಾಗ ಗಲಗಲ ಸದ್ದು. ಊಟ ಬರುತ್ತಿದೆ ಎಂದು ಕಿವಿಗೂ ಗೊತ್ತಾಗುತ್ತಿತ್ತು.

ಒಡೆಯ ಸತ್ತಾಗ ತಟ್ಟೆಯೂ ಅವನ ಜೊತೆ ಹೋಗುತ್ತಿತ್ತು. ಗ್ವಾಟೆಮಾಲಾದ ತಿಕಾಲ್, ಉವಾಶಾಕ್ತೂನ್ ಎಂಬ ಹಳೆಯ ಊರುಗಳ ಸುತ್ತಿನ ಸಮಾಧಿಗಳಲ್ಲಿ ಹೀಗೆ ತೂತು ಕೊರೆದ ತಟ್ಟೆಗಳು ಸಿಕ್ಕಿವೆ. ಕೆಲವುಗಳ ನಡುವೆ ಕುಣಿಯುತ್ತಿರುವ ಮೆಕ್ಕೆಜೋಳದ ದೇವರ ಚಿತ್ರ. ತಟ್ಟೆಯನ್ನು ತಲೆಯ ಹತ್ತಿರ, ಕೆಲವು ಕಡೆ ಮುಖದ ಮೇಲೆಯೇ ಬೋರಲು ಇಡುತ್ತಿದ್ದರು. ತೂತು ಹಾಕಿದ ಮೇಲೆ ಅದು ಇನ್ನು ಯಾರ ಊಟಕ್ಕೂ ಬರುವುದಿಲ್ಲ. ಪಾತ್ರೆಗೂ ಒಂದು ಜೀವ ಇದೆ, ಅದನ್ನೂ ಬಿಟ್ಟುಕೊಡಬೇಕು ಎನ್ನುವ ಭಾವನೆ ಇದರ ಹಿಂದಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಸಮಾಧಿಯಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಸಮಾಧಿಗೆಂದೇ ಮಾಡಿದ್ದು ಎಂದು ಭಾವಿಸಬೇಡಿ. ಎಷ್ಟೋ ಪಾತ್ರೆಗಳ ಒಳಮೈ ಬಳಸಿ ಸವೆದಿರುತ್ತದೆ.

ಪ್ರಶ್ನೆ: ಕುಂಬಾರನ ಚಕ್ರ ಇರಲಿಲ್ಲ ಅಂತ ಬರೆದಿದ್ದೀರಿ. ಗಾಜಿನ ಲೇಪವೂ ಇರಲಿಲ್ಲ. ಮತ್ತೆ ಈ ನುಣುಪು, ಈ ಹೊಳಪು ಎಲ್ಲಿಂದ ಬಂತು?

ಉತ್ತರ: ಕೈಯಿಂದ, ಮತ್ತೆ ಹೊತ್ತಿನಿಂದ. ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಕೂರಿಸಿ ಗೋಡೆ ಎಬ್ಬಿಸುತ್ತಿದ್ದರು. ಬಿರುಕು ಬಿಡದಿರಲು ಮಣ್ಣಿಗೆ ಜ್ವಾಲಾಮುಖಿಯ ಬೂದಿ ಅಥವಾ ಸುಣ್ಣದ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಗೋಡೆಯನ್ನು ಕೆರೆದು ತೆಳ್ಳಗೆ ಮಾಡಿದ ಮೇಲೆ, ನೀರಿನಲ್ಲಿ ಕದಡಿದ ನಯವಾದ ಮಣ್ಣಿನ ತಿಳಿಯನ್ನು ಬಳಿಯುತ್ತಿದ್ದರು. ಬಣ್ಣಗಳೂ ಇಂಥ ಮಣ್ಣಿನ ತಿಳಿಗಳೇ. ಕೆಂಪು, ಕಿತ್ತಳೆಗೆ ಕಬ್ಬಿಣದ ಅಂಶ, ಕಪ್ಪಿಗೆ ಮ್ಯಾಂಗನೀಸ್. ಆಮೇಲೆ ನುಣ್ಣನೆಯ ಕಲ್ಲಿನಿಂದ ಉಜ್ಜುವುದು. ಹೆಚ್ಚು ಬಿಸಿ ಇಲ್ಲದ ಬೆಂಕಿಯಲ್ಲಿ ಸುಟ್ಟರೆ ಉಜ್ಜಿದ ಹೊಳಪು ಹಾಗೆಯೇ ಉಳಿಯುತ್ತದೆ. ಬಿಸಿ ಜಾಸ್ತಿಯಾದರೆ ಹೊಳಪು ಸಾಯುತ್ತದೆ. ನಾನು ಒಂದು ಲೋಟ ಉಜ್ಜಲು ಮೂರು ಸಂಜೆ ತೆಗೆದುಕೊಂಡೆ. ಮಣ್ಣು ಚರ್ಮದಷ್ಟು ಗಟ್ಟಿಯಾದಾಗಲೇ ಉಜ್ಜಬೇಕು. ಒಂದು ತಾಸು ಮುಂಚೆ ಹೋದರೆ ಕಲ್ಲು ಅಂಟುತ್ತದೆ, ಒಂದು ತಾಸು ತಡವಾದರೆ ಗೀರು ಬೀಳುತ್ತದೆ.

ತಿರುಗಿಸುವ ಸಾಧನವೇ ಗೊತ್ತಿಲ್ಲ ಎನ್ನುವಂತಿಲ್ಲ. ಮೆಕ್ಸಿಕೊದ ಯುಕಟಾನ್‌ನ ಕುಂಬಾರರು ‘ಕಬಾಲ್’ ಎಂಬ ಮರದ ತುಂಡನ್ನು ಅಂಗಾಲಿನಿಂದ ತಿರುಗಿಸುತ್ತಾ ಪಾತ್ರೆ ಮಾಡುತ್ತಾರೆ. ಅದು ನಿಧಾನವಾಗಿ ತಿರುಗುತ್ತದೆ, ಚಕ್ರದ ವೇಗ ಅದಕ್ಕಿಲ್ಲ.

ಪ್ರಶ್ನೆ: ಚಿತ್ರ ಬರೆದವರ ಹೆಸರು ಗೊತ್ತೇ? ಎಲ್ಲ ಅನಾಮಿಕರೇ?

ಉತ್ತರ: ಹೆಚ್ಚಿನವರ ಹೆಸರು ಸಿಗುವುದಿಲ್ಲ. ಕೆಲವರು ಸಹಿ ಹಾಕಿದ್ದಾರೆ. ‘ಉ ತ್ಸೀಬ್’ ಎಂದರೆ ‘ಅವನ ಬರಹ’. ಮಾಯಾ ಮಾತಿನಲ್ಲಿ ಬರೆಯುವುದಕ್ಕೂ ಚಿತ್ರ ಬಿಡಿಸುವುದಕ್ಕೂ ಒಂದೇ ಪದ. ಕುಂಚ ಒಂದೇ, ಕೈ ಒಂದೇ, ಮಾತೂ ಒಂದೇ.

ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ನೀರಿನ ತಾವರೆಗಳ ಒಂದು ಲೋಟ ಇದೆ. ಅದನ್ನು ಬರೆದವನು ಅಹ್ ಮಕ್ಸಾಮ್. ಇಂದಿನ ಗ್ವಾಟೆಮಾಲಾದ ನರಾನ್ಹೊ ರಾಜ್ಯದವನು, ಎಂಟನೇ ಶತಮಾನದ ಎರಡನೇ ಅರ್ಧದವನು. ತನ್ನ ತಂದೆ ನರಾನ್ಹೊದ ರಾಜ, ತಾಯಿ ಯಾಶಾ ಊರಿನ ರಾಜಮನೆತನದವಳು ಎಂದು ಅವನ ಪಾತ್ರೆಯ ಬರಹ ಹೇಳುತ್ತದೆ. ರಾಜನ ಮಗ ಕುಂಚ ಹಿಡಿದು ಕೂತು ಲೋಟಕ್ಕೆ ಚಿತ್ರ ಬರೆದ! ಆ ಆಸ್ಥಾನಗಳಲ್ಲಿ ಈ ಕೆಲಸಕ್ಕೆ ಎಂಥ ಗೌರವ ಇತ್ತು ಎಂದು ಇದರಿಂದಲೇ ತಿಳಿಯುತ್ತದೆ.

ಒಂದೊಂದು ಸೀಮೆಗೆ ಒಂದೊಂದು ಕೈಗುಣ. ಮೊತುಲ್ ದೆ ಸಾನ್ ಹೊಸೆ ಸುತ್ತಿನವರು ಅಕ್ಷರಗಳನ್ನು ಗುಲಾಬಿ ಬಣ್ಣದಲ್ಲಿ ಬರೆದರು. ನಕ್ಬೆ ಸುತ್ತಿನವರು ಪುಸ್ತಕದ ಹಾಳೆಯ ಹಾಗೆ ಕೆನೆ ಬಣ್ಣದ ಮೇಲೆ ಕಪ್ಪು ಗೆರೆ ಎಳೆದರು. ಚಮಾ ಕಣಿವೆಯವರು ಅಂಚಿಗೆ ಕಪ್ಪು ಬಿಳಿ ಪಟ್ಟೆ ಹಾಕಿದರು. ಮಾಯಾ ಪುಸ್ತಕಗಳು ಇಂದು ನಾಲ್ಕೇ ಉಳಿದಿವೆ. 1562ರಲ್ಲಿ ಮಾನಿ ಎಂಬ ಊರಿನಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಪುಸ್ತಕಗಳನ್ನು ಸುಡಿಸಿದ. ಪುಸ್ತಕ ಬರೆದ ಕೈಗಳ ಗೆರೆ ನಮಗೆ ಧಾರಾಳವಾಗಿ ಸಿಗುವುದು ಈ ಲೋಟಗಳ ಮೇಲೆಯೇ.

ಪ್ರಶ್ನೆ: ಎಲ್ಲ ಮನೆಗಳಲ್ಲೂ ಇಂಥ ಪಾತ್ರೆ ಇತ್ತೇ?

ಉತ್ತರ: ಇಲ್ಲ. ಬರಹ ಇರುವ ಬಣ್ಣದ ಲೋಟ ದೊಡ್ಡವರ ಔತಣಕ್ಕೆ. ಬೇರೆ ಎಲ್ಲರಿಗೂ ನೀರಿನ ಕೊಡ, ಬೇಯಿಸುವ ಮಡಕೆ, ಸಾದಾ ಬಟ್ಟಲು. ಮೆಕ್ಸಿಕೊದ ಕಲಕ್ಮುಲ್‌ನ ಒಂದು ಕಟ್ಟಡದ ಗೋಡೆಯ ಮೇಲೆ ಗಂಜಿ ಕೊಡುವವರು, ಉಪ್ಪಿನವರು, ತಂಬಾಕಿನವರು ಎಂದು ಹೆಸರು ಬರೆದ ಚಿತ್ರಗಳಿವೆ. ಅವುಗಳಲ್ಲಿ ಪಾತ್ರೆಯವರೂ ಇದ್ದಾರೆ. ಆ ಚಿತ್ರ ನೋಡಿದಾಗ ನನ್ನ ಕಸುಬಿನವರನ್ನು ಕಂಡಷ್ಟು ಸಂತೋಷವಾಯಿತು.

ಒಳ್ಳೆಯ ಲೋಟಗಳು ಉಡುಗೊರೆಯಾಗಿಯೂ ಊರೂರು ತಿರುಗಿದವು. ನರಾನ್ಹೊದ ಕಾಕ್ ತಿಲಿವ್ ಎಂಬ ರಾಜ 693ರಲ್ಲಿ ಪಟ್ಟಕ್ಕೆ ಬಂದ. ಆಗ ಅವನಿಗೆ ಐದು ವರ್ಷ. ಅವನ ಹೆಸರಿರುವ ಸೊಗಸಾದ ಲೋಟ ಸಿಕ್ಕಿದ್ದು ಅವನ ಊರಲ್ಲಿ ಅಲ್ಲ. ಬೆಲೀಜ್‌ನ ಬ್ವೆನಾವಿಸ್ತಾ ಎಂಬ ಜಾಗದಲ್ಲಿ ಒಬ್ಬ ಹುಡುಗನ ಸಮಾಧಿಯಲ್ಲಿ, 1988ರಲ್ಲಿ. ರಾಜ ತನ್ನ ಹೆಸರಿನ ಲೋಟವನ್ನು ಆ ಮನೆತನಕ್ಕೆ ಕೊಟ್ಟು ಸ್ನೇಹ ಕಟ್ಟಿಕೊಂಡ ಎಂದು ಅಗೆದವರು ಹೇಳುತ್ತಾರೆ.

ಪ್ರಶ್ನೆ: ಊಟ, ಪಾನೀಯ ಬಿಟ್ಟು ಬೇರೆ ಕೆಲಸಕ್ಕೆ ಪಾತ್ರೆ ಇರಲಿಲ್ಲವೇ?

ಉತ್ತರ: ಬೇಕಾದಷ್ಟು. ಎರಡನ್ನು ಮಾತ್ರ ಹೇಳುತ್ತೇನೆ. ಮೆಕ್ಸಿಕೊದ ಪಲೆಂಕೆಯಲ್ಲಿ ಧೂಪದ ಪಾತ್ರೆ ಇಡುವ ಮಣ್ಣಿನ ಕಂಬಗಳು ಸಿಕ್ಕಿವೆ. ಕೆಲವು ಹತ್ತಿರ ಹತ್ತಿರ ಒಂದು ಮೀಟರ್ ಎತ್ತರ. ದೇವರ ಮುಖ, ಅದರ ಮೇಲೆ ಇನ್ನೊಂದು ಮುಖ, ಎರಡೂ ಬದಿಗೆ ರೆಕ್ಕೆಯಂಥ ಹಲಗೆ. ಮೇಲಿನ ಬಟ್ಟಲಿನಲ್ಲಿ ಕೊಪಾಲ್ ಮರದ ಅಂಟು ಸುಡುತ್ತಿದ್ದರು. ಅದಕ್ಕೆ ಮಾಯಾ ಹೆಸರು ‘ಪೊಮ್’. ಬಳಸಿ ಮುಗಿದ ಮೇಲೆ ಆ ಕಂಬಗಳನ್ನು ಗುಡಿಯ ಮೆಟ್ಟಿಲು ಜಗಲಿಯಲ್ಲಿ ಹೂಳುತ್ತಿದ್ದರು.

ಇನ್ನೊಂದು ಹೊಂಡುರಾಸ್‌ನ ಕೊಪಾನ್‌ನದು. ಅಲ್ಲಿನ ಹನ್ನೆರಡನೇ ರಾಜ 695ರಲ್ಲಿ ತೀರಿಕೊಂಡ. ಅವನದೇ ಎನ್ನಲಾದ ಸಮಾಧಿಯ ಹೊರಗೆ ಹನ್ನೆರಡು ಧೂಪದ ಪಾತ್ರೆಗಳಿದ್ದವು. ಪ್ರತಿ ಮುಚ್ಚಳದ ಮೇಲೂ ಕೂತ ಒಬ್ಬ ಮನುಷ್ಯನ ಗೊಂಬೆ. ಮೊದಲನೇ ರಾಜನಿಂದ ಹನ್ನೆರಡನೆಯವನವರೆಗೆ ಎಲ್ಲರೂ ಸಾಲಾಗಿ ಬಂದು ಕೂತ ಹಾಗೆ. ಒಳಗೆ ಅಂಟು ಹೊತ್ತಿದಾಗ ಆ ಗೊಂಬೆಗಳ ಸುತ್ತ ಹೊಗೆ ಏಳುತ್ತದೆ. ಹೊಗೆಯ ನಡುವೆ ಹಿರಿಯರು ಕಾಣಿಸುತ್ತಾರೆ. ಮುಚ್ಚಳಕ್ಕೆ ಇದಕ್ಕಿಂತ ದೊಡ್ಡ ಕೆಲಸ ಕೊಟ್ಟವರನ್ನು ನಾನು ಕಂಡಿಲ್ಲ.

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ಮಾಯಾ ಲೋಟ ಮಾರಾಟಕ್ಕಿದೆ. ಕೊಳ್ಳುವ ಆಸೆ. ಅಸಲಿಯೇ ಎಂದು ಫೋಟೊ ನೋಡಿ ಹೇಳುತ್ತೀರಾ?

ಉತ್ತರ: ಹೇಳುವುದಿಲ್ಲ. ದಯವಿಟ್ಟು ಕೊಳ್ಳಬೇಡಿ. ನಕಲಿಯಾದರೆ ನಿಮ್ಮ ಹಣ ಹೋಗುತ್ತದೆ. ಅಸಲಿಯಾದರೆ ಅದಕ್ಕಿಂತ ಕೆಟ್ಟದ್ದು. ಇಂದು ಜಗತ್ತಿನ ಸಂಗ್ರಹಗಳಲ್ಲಿರುವ ಮಾಯಾ ಚಿತ್ತಾರದ ಪಾತ್ರೆಗಳಲ್ಲಿ ಬಹುಪಾಲು ಕಳ್ಳರು ಅಗೆದು ತೆಗೆದವು. ನಾನು ಮೇಲೆ ಹೊಗಳಿದ ಕೆಲವಕ್ಕೂ ಎಲ್ಲಿ, ಯಾರ ಪಕ್ಕದಲ್ಲಿ ಇತ್ತು ಎನ್ನುವ ದಾಖಲೆ ಇಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ರಿಯೊ ಅಸೂಲ್‌ನಲ್ಲೂ ಪುರಾತತ್ವದವರು ಹೋಗುವ ಮೊದಲೇ ಕಳ್ಳರು ಸಾಲು ಸಾಲು ಕಂದಕ ತೋಡಿದ್ದರು. 19ನೇ ಸಮಾಧಿ ತಪ್ಪಿಸಿಕೊಂಡಿತು. ಅದೂ ಅವರ ಕೈಗೆ ಸಿಕ್ಕಿದ್ದರೆ ಆ ಮುಚ್ಚಳದ ಪಾತ್ರೆಯನ್ನು ತೊಳೆದು, ಬಣ್ಣ ತುಂಬಿ, ಮಾರುತ್ತಿದ್ದರು. ಒಳಗಿನ ಪುಡಿ ಚರಂಡಿ ಸೇರುತ್ತಿತ್ತು.

ಕಾನೂನು ಕೂಡ ಇದೆ. ಕದ್ದ ಸಾಂಸ್ಕೃತಿಕ ವಸ್ತುಗಳ ಸಾಗಣೆ ತಡೆಯಲು 1970ರಲ್ಲಿ ಯುನೆಸ್ಕೊ ಒಪ್ಪಂದ ಆಯಿತು. ಗ್ವಾಟೆಮಾಲಾದ ಪೆತೆನ್ ಕಾಡಿನ ವಸ್ತುಗಳ ಆಮದನ್ನು ಅಮೆರಿಕ 1991ರಲ್ಲಿ ತಡೆಯಿತು, 1997ರಲ್ಲಿ ಗ್ವಾಟೆಮಾಲಾ ಜೊತೆ ಒಪ್ಪಂದ ಮಾಡಿಕೊಂಡಿತು.

ನೋಡುವ ಆಸೆ ಇದ್ದರೆ ಜಸ್ಟಿನ್ ಕೆರ್ ಅವರ ಫೋಟೊಗಳನ್ನು ನೋಡಿ. ಪಾತ್ರೆಯನ್ನು ತಿರುಗುವ ಮಣೆಯ ಮೇಲಿಟ್ಟು, ಅದು ತಿರುಗಿದಷ್ಟೇ ವೇಗದಲ್ಲಿ ಫಿಲ್ಮ್ ಓಡುವ ಕ್ಯಾಮೆರಾವನ್ನು ಅವರು 1970ರ ದಶಕದಲ್ಲಿ ತಾವೇ ಮಾಡಿಕೊಂಡರು. ಲೋಟದ ಸುತ್ತಿನ ಚಿತ್ರ ಪೂರ್ತಿ ಬಿಚ್ಚಿದ ಚಾಪೆಯ ಹಾಗೆ ಒಂದೇ ಹಾಳೆಯಲ್ಲಿ ಸಿಗುತ್ತದೆ. ಪ್ರಿನ್ಸ್‌ಟನ್ ಲೋಟ ಬೇಕಿದ್ದರೆ ಅವರ ಪಟ್ಟಿಯಲ್ಲಿ 511ನೇ ಸಂಖ್ಯೆ ಹುಡುಕಿ.

ಪ್ರಶ್ನೆ: ನನಗೆ ಹನ್ನೆರಡು ವರ್ಷ. ಒಂದಾದರೂ ಮಾಯಾ ಪದ ಓದಲು ಹೇಳಿಕೊಡಿ.

ಉತ್ತರ: ಹೇಳಿಕೊಡುತ್ತೇನೆ ಪುಟ್ಟ. ಲೋಟದ ಬಾಯಿಯ ಸಾಲಿನಲ್ಲಿ ಮೀನನ್ನು ಹುಡುಕು. ಮೀನಿನ ಗುರುತಿಗೆ ‘ಕ’ ಎಂದು ಓದಬೇಕು. ಅದರ ಮುಂದೆ ಬಾಚಣಿಗೆಯ ಹಲ್ಲಿನಂಥ ಇನ್ನೊಂದು ಗುರುತು ಇರಬಹುದು. ಅದು ಮೀನಿನ ರೆಕ್ಕೆ, ಅದೂ ‘ಕ’. ಕೆಲವು ಸಲ ರೆಕ್ಕೆ ಇರುವುದಿಲ್ಲ, ಮೀನಿನ ಹತ್ತಿರ ಎರಡು ಚುಕ್ಕೆ ಇರುತ್ತದೆ. ಚುಕ್ಕೆ ಇದ್ದರೆ ‘ಎರಡು ಸಲ ಓದು’ ಎಂದರ್ಥ. ಕೊನೆಯಲ್ಲಿ ‘ವ’ ಗುರುತು. ಕ, ಕ, ವ. ಕೊನೆಯ ಸ್ವರ ಬಿಟ್ಟು ಹೇಳಿದರೆ ಕಕಾವ್. ಕಳೆದ ತಿಂಗಳ ಮೂರನೇ ಫೋಟೊ ತೆಗೆದು ನೋಡು. ಅದರಲ್ಲಿ ಮೀನಿದೆ. ಚುಕ್ಕೆ ಇದೆಯೋ ರೆಕ್ಕೆ ಇದೆಯೋ, ನೀನೇ ನೋಡಿ ನನಗೆ ಬರೆ.